ಒಣ ಗುಡ್ಡದ ದನಗಳ ಗಂಟಲಲ್ಲಿ ನೀರು

ಹಸುವಿನ ಗದ್ದದ ಕೆಳಗೆ ಒಂದು ಚೀಲ ಇಳಿಬಿದ್ದಿತ್ತು. ಬೆರಳಿಟ್ಟು ಒತ್ತಿದೆ. ಒತ್ತಿದಲ್ಲಿ ಕುಳಿ ಬಿತ್ತು. ಬೆರಳು ತೆಗೆದ ಮೇಲೂ ಆ ಕುಳಿ ತುಂಬಿಕೊಳ್ಳಲಿಲ್ಲ, ಹಸಿ ಮಣ್ಣಿನಲ್ಲಿ ಹೆಜ್ಜೆ ಉಳಿದ ಹಾಗೆ ಉಳಿಯಿತು. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಒಳಗೆ ಸುಣ್ಣ ಬಳಿದಂಥ ಬಿಳುಪು. ಹಸುವಿನ ಯಜಮಾನಿ, ನಲವತ್ತರ ಆಸುಪಾಸಿನ ಸಿದ್ದಿ ಹೆಂಗಸು, ಕೊಟ್ಟಿಗೆಯ ಕಂಬಕ್ಕೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀರು ಬಂತಲ್ರಿ ಡಾಕ್ಟರ ಬಾಯಾರ?" ಅಂದಳು. "ಗಂಟ್ಲಿಗೆ ನೀರು ಬಂತಂದ್ರ ಮುಗೀತು. ಮತ್ತ ಉಳಿಯೂದಿಲ್ಲ."

"ಯಾವ ನೀರು?"

ಅವಳು ಗುಡ್ಡದ ಕೆಳಗೆ ಕೈ ತೋರಿದಳು. ಮರಗಳ ಸಂದಿಯಲ್ಲಿ, ತುಂಬಾ ಕೆಳಗೆ, ಸೂಪಾ ಅಣೆಕಟ್ಟಿನ ಹಿನ್ನೀರು ತಗಡಿನ ಹಾಗೆ ಹೊಳೆಯುತ್ತಿತ್ತು.

"ಆ ನೀರು," ಅಂದಳು.

ನಾನು ಸರಕಾರಿ ಪಶುವೈದ್ಯೆ. ದೆವ್ವದ ಮಾತೆತ್ತಿದರೆ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ದನ ನರಳುವಾಗ ತಾಯಿತ ಕಟ್ಟಿಸಿಕೊಂಡು ಬಂದು, ಅದು ಕಾಲು ಚಾಚಿದ ಮೇಲೆ ನಮಗೆ ಫೋನು ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಈ ಹೆಂಗಸು ಮಾಟವೆನ್ನಲಿಲ್ಲ, ಮಂತ್ರವೆನ್ನಲಿಲ್ಲ. ಬಸ್ಸಿನ ಹೊತ್ತು ಹೇಳುವಷ್ಟು ಸಪ್ಪೆಯಾಗಿ ಹೇಳಿದಳು. ಅಣೆಕಟ್ಟು ತುಂಬಿದಾಗ ಅವರ ಊರು ಮುಳುಗಿತ್ತು. ಬಹಳ ಜನ ಪುನರ್ವಸತಿಯ ಜಾಗಕ್ಕೆ ಹೋದರು. ಕೆಲವು ಸಿದ್ದಿ ಮನೆಗಳವರು, ಕೆಲವು ಕುಣಬಿ ಮನೆಗಳವರು ಮಾತ್ರ ದನ ಹೊಡೆದುಕೊಂಡು ಸೀದಾ ಗುಡ್ಡ ಹತ್ತಿ ಇಲ್ಲಿ ನಿಂತರು. ಅಂದಿನಿಂದ ದೀಪಾವಳಿ ಕಳೆಯುತ್ತಲೇ ಯಾರದಾದರೂ ದನದ ಗಂಟಲಿಗೆ ನೀರು ಬರುತ್ತದೆ. ಅದು ಸೊರಗಿ ಸೊರಗಿ ಸಾಯುತ್ತದೆ.

"ಹಳೇ ಊರು ತನ್ನ ದನಾ ತಾ ಕರಕೊಳ್ಳಾಕತ್ತೈತ್ರಿ," ಅಂದಳು. "ಇಷ್ಟು ಒಣಾ ಗುಡ್ಡದಾಗ ಇದ್ದು ನೀರಾಗಿ ಸಾಯೂದಂದ್ರ ಮತ್ತೇನ್ರಿ?"

ಅವಳ ಗಂಡ ಅಂಬಿಕಾನಗರದ ಕಾಲನಿಯಲ್ಲಿ ದಿನಗೂಲಿ ಕೆಲಸಕ್ಕಿದ್ದ. ದನ ಇರುವವರೆಗೆ ಮಾತ್ರ ಈ ಗುಡ್ಡ, ಅವು ಹೋದ ದಿನ ಎಲ್ಲರೂ ಅಂಬಿಕಾನಗರಕ್ಕೆ ಇಳಿಯುವುದು ಅಂತ ಅವನ ತೀರ್ಮಾನ. ಮನೆಯಲ್ಲಿ ಅವಳ ಅತ್ತೆ, ವಯಸ್ಸಾದ ಆಯಿ, ಇಳಿಯುವ ಮಾತೆತ್ತಿದರೆ ಊಟ ಬಿಡುತ್ತಿದ್ದಳು. ಕೊಟ್ಟಿಗೆಯಲ್ಲಿ ಉಳಿದಿದ್ದವು ಎರಡೇ ಹಸು. ಒಂದು ನನ್ನ ಕೈಯಡಿಯಲ್ಲಿದ್ದದ್ದು. ಇನ್ನೊಂದು ಒಳಗಿನ ಮೂಲೆಯಲ್ಲಿ ಮಲಗಿದ್ದ ಚಂದ್ರಿ. ಹಣೆಯ ಮೇಲೆ ಬಿಳಿ ಬೊಟ್ಟು, ಹಿಂಗಾಲು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ನಾನು ಅಲ್ಲಿಗೆ ಹೋದದ್ದು ಚಿಕಿತ್ಸೆಗಲ್ಲ, ಸಗಣಿಗೆ. ದನದ ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಪಿತ್ತ ಹರಿಯುವ ನಾಳಗಳೊಳಗೆ, ಎಲೆಯಂಥ ಒಂದು ಚಪ್ಪಟೆ ಹುಳು ಬೆಳೆಯುತ್ತದೆ. ಅದಕ್ಕೆ ಲಿವರ್ ಫ್ಲೂಕ್ ಅನ್ನುತ್ತೇವೆ. ಅದರ ಮೊಟ್ಟೆ ಸಗಣಿಯೊಂದಿಗೆ ಹೊರಬಿದ್ದು ನೀರಿನಲ್ಲಿ ಒಡೆಯುತ್ತದೆ. ಒಳಗಿನ ಮರಿ ಒಂದು ಜಾತಿಯ ನೀರಿನ ಬಸವನಹುಳುವಿನ ಮೈಹೊಕ್ಕು, ಅಲ್ಲಿ ಒಂದಕ್ಕೆ ಹಲವಾಗಿ, ಮತ್ತೆ ನೀರಿಗಿಳಿದು ದಂಡೆಯ ಹುಲ್ಲಿಗೆ ಅಂಟಿಕೊಂಡು ಕೂರುತ್ತದೆ. ಆ ಹುಲ್ಲು ತಿಂದ ದನಕ್ಕೆ ರೋಗ. ನಿಂತ ನೀರು ಬೇಕು, ಆ ಬಸವನಹುಳು ಬೇಕು, ಹಸಿ ಹುಲ್ಲು ಬೇಕು. ಹಾಗಾಗಿ ತಗ್ಗಿನ ಊರುಗಳಲ್ಲಿ ಹುಳು ಹೆಚ್ಚು, ಏರಿದಂತೆ ಕಡಿಮೆ ಅಂತ ನಮ್ಮ ಲೆಕ್ಕ. ಔಷಧಿ ಹಂಚುವ ಮೊದಲು ಈ ಲೆಕ್ಕ ಸರಿಯೋ ಅಂತ ನೋಡಲು ಮುಂಡಗೋಡದ ಕೆರೆಬಯಲಿನಿಂದ ಹಿಡಿದು ಹಳಿಯಾಳದ ಗದ್ದೆಗಳು, ದಾಂಡೇಲಿ ಪಕ್ಕದ ಮೌಳಂಗಿಯ ಹೊಳೆದಂಡೆ, ಜೋಯಿಡಾದ ಗುಡ್ಡಗಳವರೆಗೆ ಮಾದರಿ ತೆಗೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು.

ಜೊತೆಗೆ ನಮ್ಮ ಆಸ್ಪತ್ರೆಯ ಸಹಾಯಕರು. ನಿವೃತ್ತಿಗೆ ಹತ್ತಿರವಾದವರು, ಮುಂಡಗೋಡದವರು, ನನ್ನ ಬೈಕಿನ ಹಿಂದೆ ಕೂತರೆ ಇಳಿಯುವವರೆಗೂ ಬಾಯಿ ಮುಚ್ಚದವರು. ಊರಿನ ದನದ ಹುಳುವಿನ ಬಗ್ಗೆಯೂ ಅವರಿಗೆ ಒಂದು ಥರ ಅಭಿಮಾನ. "ನಮ್ಮ ಕೆರಿ ದನಾ ನೋಡ್ರಿ ಮೇಡಂ, ಹುಳಾ ಇಟಗೊಂಡೂ ಹೆಂಗ ಬಂಡಿ ಎಳೀತಾವ!" ಅನ್ನುತ್ತಿದ್ದರು.

ಸಗಣಿ ಪರೀಕ್ಷೆಗೆ ಬುದ್ಧಿಗಿಂತ ತಾಳ್ಮೆ ಮುಖ್ಯ. ಸಗಣಿಯನ್ನು ನೀರಿನಲ್ಲಿ ಕದಡಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ತಳ ಮೊನೆಯಾದ ಗಾಜಿನ ಪಾತ್ರೆಯಲ್ಲಿ ಬಿಡಬೇಕು. ಫ್ಲೂಕಿನ ಮೊಟ್ಟೆ ಭಾರ, ತಳಕ್ಕೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕಾದು, ಮತ್ತೆ ಚೆಲ್ಲಿ, ತಿಳಿಯಾಗುವ ತನಕ ಇದೇ ಕೆಲಸ. ಕೊನೆಗೆ ತಳದ ಗಸಿಗೆ ಒಂದು ತೊಟ್ಟು ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಸವೆಲ್ಲ ನೀಲಿಯಾಗಿ ಕಾಣುತ್ತದೆ. ಮೊಟ್ಟೆ ಮಾತ್ರ ಬಣ್ಣ ಹಿಡಿಯುವುದಿಲ್ಲ. ಪಿತ್ತದಲ್ಲಿ ನೆನೆದ ಹೊನ್ನಿನ ಹಳದಿಯಲ್ಲೇ, ಒಂದು ತುದಿಗೆ ಸಣ್ಣ ಮುಚ್ಚಳ ಹೊತ್ತು, ನಮ್ಮನ್ನೇ ನೋಡುತ್ತಿರುವ ಹಾಗೆ ಕೂತಿರುತ್ತದೆ.

ಮುಂಡಗೋಡದ ಮಾದರಿಗಳಲ್ಲಿ ನಿರೀಕ್ಷಿಸಿದಷ್ಟು ಮೊಟ್ಟೆ ಇದ್ದವು. ಹಳಿಯಾಳದಲ್ಲಿ ಅದಕ್ಕಿಂತ ಕಡಿಮೆ. ಮೌಳಂಗಿಯಲ್ಲಿ ನೀರು ಹರಿಯುವ ನೀರಾದ್ದರಿಂದ ಅಲ್ಲೊಂದು ಇಲ್ಲೊಂದು. ಜೋಯಿಡಾದ ಬೇರೆ ಗುಡ್ಡದೂರುಗಳಲ್ಲಿ ಇಲ್ಲವೆಂದರೂ ನಡೆಯುತ್ತದೆ. ಲೆಕ್ಕ ಸರಿಹೋಯಿತೆಂದು ಖುಷಿಯಲ್ಲಿ ಕಡೆಯದಾಗಿ ಆ ಸಿದ್ದಿ ಹೆಂಗಸಿನ ಗುಡ್ಡದ ಕೇರಿಯ ಗಾಜುಪಟ್ಟಿ ಇಟ್ಟೆ. ಕಣ್ಣಿಟ್ಟ ಕಡೆಯೆಲ್ಲ ಹೊನ್ನಿನ ಮೊಟ್ಟೆ. ಕೆರೆಬಯಲಿನ ದನಗಳಿಗಿಂತ ಹೆಚ್ಚು.

"ಬಾಟ್ಲಿ ಅದಲಿ ಬದಲಿ ಮಾಡೀರೇನ್ರಿ?" ಅಂತ ಸಹಾಯಕರ ಮೇಲೆ ಹರಿಹಾಯ್ದೆ.

ಅವರು ಮುಖ ಊದಿಸಿಕೊಂಡು ಬಾಟಲಿಗೆ ಅಂಟಿಸಿದ ಚೀಟಿ ತೋರಿಸಿದರು. ಚೀಟಿಯ ಮೇಲಿನ ಅಕ್ಷರ ನನ್ನದೇ. ಮಾರನೆಯ ದಿನ ನಾನೇ ಗುಡ್ಡ ಹತ್ತಿ, ದನ ಸಗಣಿ ಹಾಕುವವರೆಗೆ ಪಕ್ಕದಲ್ಲೇ ನಿಂತು, ನನ್ನ ಕೈಯಾರೆ ತುಂಬಿಕೊಂಡು ಬಂದೆ. ಫಲ ಅದೇ.

ರೋಗ ಇದೆ ಅಂದಮೇಲೆ ನೀರೂ ಇರಲೇಬೇಕು, ಬಸವನಹುಳುವೂ ಇರಲೇಬೇಕು. ಹುಡುಕಲು ಹೊರಟೆವು. ಕೇರಿಗೆ ಕುಡಿಯುವ ನೀರು ಬಂಡೆಯ ಸೀಳಿನಿಂದ ಬರುವ ಒಂದು ಒರತೆ, ಅದು ನಿಲ್ಲದೆ ಕಲ್ಲಿನ ಮೇಲೆ ಹರಿದು ಇಳಿಯುತ್ತಿತ್ತು. ಕಲ್ಲು ಮಗುಚಿದೆವು, ಎಲೆ ಎತ್ತಿದೆವು, ಬರಿಗೈಯಲ್ಲಿ ಕೆಸರು ಜಾಲಾಡಿದೆವು. ಬೇಕಾದ ಹುಳು ಒಂದೂ ಸಿಗಲಿಲ್ಲ. ದನ ಎಲ್ಲಿ ಮೇಯುತ್ತವೆ ಅಂತ ಮನೆಮನೆಗೂ ಕೇಳಿದೆ. "ಇಲ್ಲೇ ಮ್ಯಾಲ, ಗುಡ್ಡದಾಗ," ಅಂದರು. ಆಯಿಯನ್ನೂ ಕೇಳಿದೆ. ಅವಳು ಕಣ್ಣು ಮಿಟುಕಿಸದೆ ಅದನ್ನೇ ಹೇಳಿದಳು. ಸುಳ್ಳು ಹೇಳುವವರ ಮುಖ ನನಗೆ ಗೊತ್ತಾಗುತ್ತದೆ. ಇವರು ಸುಳ್ಳು ಹೇಳುತ್ತಿರಲಿಲ್ಲ.

ಹಿನ್ನೀರಿನ ದಂಡೆಯನ್ನಾದರೂ ನೋಡೋಣವೆಂದು ದನದ ದಾರಿ ಹಿಡಿದು ಇಳಿದೆವು. ಗೊರಸು ತುಳಿದು ತುಳಿದು ತಗ್ಗಾದ, ಅಗಲವಾದ ದಾರಿ. ಆಗ ಚಳಿಗಾಲ, ಜಲಾಶಯ ತುಂಬಿತ್ತು. ನೀರಿನ ಅಂಚೆಲ್ಲ ಕಡಿದಾದ ಕಲ್ಲು, ಅಲ್ಲಿ ಹುಲ್ಲಿನ ಒಂದು ಎಳೆಯೂ ಇಲ್ಲ. ಮೇವಿಲ್ಲದ ಕಡೆಗೆ ದನಗಳೇಕೆ ದಾರಿ ಸವೆಸಿದವು ಎಂದು ಯೋಚಿಸುತ್ತ ನಿಂತಿದ್ದೆ.

ಸಹಾಯಕರು ಮಾತು ನಿಲ್ಲಿಸಿದ್ದರು. ಅದೇ ನನಗೆ ಮೊದಲು ವಿಚಿತ್ರ ಅನಿಸಿದ್ದು.

"ಮೇಡಂ," ಅಂದರು ಮೆಲ್ಲಗೆ. "ಹಾದಿ ನಿಂತಿಲ್ರಿ. ನೋಡ್ರಿ, ನೀರಿನ ಕೆಳಗೂ ಹೊಂಟೈತಿ."

ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ದಾರಿ ನೀರಿನೊಳಗೆ ಇಳಿದು, ಅದೇ ಅಗಲ, ಅದೇ ತಗ್ಗು, ಹಸಿರು ಕತ್ತಲೆಯತ್ತ ಸೀದಾ ಹೋಗುತ್ತಿತ್ತು. ಅಣೆಕಟ್ಟಿಗಿಂತ ಹಿಂದಿನ ದಾರಿ, ಅಷ್ಟೇ ಎಂದು ಜೋರಾಗಿಯೇ ಹೇಳಿದೆ. ಅವರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ಗೊತ್ತಿಲ್ಲ. ಹತ್ತುವಾಗ ಇಬ್ಬರೂ ಹಿಂತಿರುಗಿ ನೋಡಲಿಲ್ಲ.

ನಾನು ಬೆರಳಿಟ್ಟು ನೋಡಿದ್ದ ಆ ಹಸು ಆ ವಾರವೇ ಸತ್ತಿತು. ಔಷಧಿ ಕೊಡುವ ಸ್ಥಿತಿಯನ್ನು ಅದು ದಾಟಿತ್ತು. ನಾವು ಹೋದಾಗ ಗುಂಡಿ ತೋಡಿ ಮುಗಿದಿತ್ತು. ಕೊಯ್ದು ನೋಡಬೇಕು ಅಂತ ಕೇಳುವುದು ಸುಲಭವಿರಲಿಲ್ಲ. ಮನೆಮಗಳಂತೆ ಸಾಕಿದ ಹಸುವಿನ ಹೊಟ್ಟೆ ಸೀಳುತ್ತೇನೆ ಅನ್ನುವುದು ಹೇಗೆ? ಆದರೂ ಕೇಳಿದೆ. ಕುಣಬಿ ಮನೆಯ ಗಂಡಸರು ಮುಖ ತಿರುಗಿಸಿ ಹೊರಟೇಬಿಟ್ಟರು.

ಯಜಮಾನಿ ಬಹಳ ಹೊತ್ತು ಹಸುವಿನ ಕೊಂಬು ಸವರುತ್ತ ಕೂತಿದ್ದಳು. ಕೊನೆಗೆ, "ಕೊಯ್ದ್ರ ಏನರ ಉಪಯೋಗ ಆದೀತೇನ್ರಿ, ಚಂದ್ರಿಗೆ?" ಅಂತ ಕೇಳಿದಳು.

"ಆಗಬಹುದು."

"ಹಂಗಾದ್ರ ಕೊಯ್ರಿ. ನಾ ಇಲ್ಲೇ ಇರ್ತೇನಿ. ಆಕೀನ್ನ ಒಬ್ಬಾಕಿನ್ನ ಬಿಟ್ಟು ಹೋಗೂದಿಲ್ಲ."

ಈಲಿ ಗಟ್ಟಿಯಾಗಿ, ಬಣ್ಣ ಮಾಸಿ, ಕೈಗೆ ಮರದ ತುಂಡಿನಂತೆ ಸಿಕ್ಕಿತು. ಚಾಕು ಇಳಿಸಿದಾಗ ಕರಕರ ಸದ್ದಾಯಿತು. ಪಿತ್ತನಾಳಗಳ ಗೋಡೆಗೆ ಸುಣ್ಣ ಕಟ್ಟಿತ್ತು, ಚಾಕುವಿಗೆ ಮರಳು ಸಿಕ್ಕಂತೆ ಆಗುತ್ತಿತ್ತು. ಕೊಯ್ದ ಅಂಚನ್ನು ಎರಡೂ ಕೈಯಿಂದ ಹಿಂಡಿದೆ. ನಾಳದ ಬಾಯಿಂದ ಒಂದು ಎಲೆ ಹೊರಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಬೂದು ಬಣ್ಣದ, ಉದ್ದನೆಯ ಎಲೆಗಳು. ಬಿಸಿಲು ಬಿದ್ದಾಗ ಅವು ಅಂಚು ಸುರುಟಿಕೊಂಡು ನಿಧಾನಕ್ಕೆ ನಡೆಯತೊಡಗಿದವು. ಸತ್ತ ಹಸುವಿನೊಳಗೆ ಬದುಕಿದ್ದದ್ದು ಅವು ಮಾತ್ರ. ಓದುವಾಗಿನಿಂದ ನಾನು ಎಷ್ಟೋ ಈಲಿ ಕೊಯ್ದಿದ್ದೇನೆ. ಇಷ್ಟು ಹುಳು ಒಂದರಲ್ಲೂ ಕಂಡಿರಲಿಲ್ಲ.

ಯಜಮಾನಿ ಬಗ್ಗಿ ನೋಡಿದಳು. "ಎಲಿ ಅದಾವಲ್ರಿ ಇವು," ಅಂದಳು. "ಯಾವ ಗಿಡದ್ದು?"

ನನಗೆ ಹುಳು ಯಾವುದೆಂದು ಗೊತ್ತಿತ್ತು, ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಹೊರಡುವ ಮೊದಲು ಚಂದ್ರಿಯ ಸಗಣಿಯನ್ನೂ ತೆಗೆದುಕೊಂಡೆ. ಅಲ್ಲಿಯವರೆಗೆ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಯಾಕೆಂದರೆ ಅದು ಮೇಯಲು ಹೋಗುವ ಹಸುವೇ ಅಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ಜಾರಿ ಕಾಲು ಮುರಿದುಕೊಂಡ ಮೇಲೆ ಕೊಟ್ಟಿಗೆಯ ಹೊಸ್ತಿಲು ದಾಟಿರಲಿಲ್ಲ. ಅದಕ್ಕೆ ಗರ್ಭ ಕಟ್ಟಿಸಲು ನಮ್ಮ ಸಹಾಯಕರೇ ಕೊಟ್ಟಿಗೆಗೆ ಬಂದು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಒರತೆಯ ನೀರು ಕುಡಿದು, ಗುಡ್ಡದ ಹುಲ್ಲು ತಿಂದು, ನಾಲ್ಕು ಗೋಡೆಯೊಳಗೆ ಇದ್ದ ಹಸು.

ಗಾಜುಪಟ್ಟಿಯ ಮೇಲೆ ಹೊನ್ನಿನ ಮೊಟ್ಟೆಗಳು ಸಾಲಾಗಿದ್ದವು.

ಸಹಾಯಕರೂ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. "ನೀರು ಹುಡುಕ್ಕೊಂಡು ಇದು ಹೋಗಿಲ್ಲ ಮೇಡಂ," ಅಂದರು. "ನೀರ ಇದನ್ನ ಹುಡುಕ್ಕೊಂಡು ಬಂದೈತಿ." ಬೇರೆ ದಿನವಾಗಿದ್ದರೆ ಗದರಿಸುತ್ತಿದ್ದೆ. ಅವತ್ತು ಸೂಕ್ಷ್ಮದರ್ಶಕದ ದೀಪ ಆರಿಸಿದೆ.

ಮತ್ತೆ ಹೋದಾಗ ಚಂದ್ರಿಯ ಗದ್ದದ ಕೆಳಗೂ ಚೀಲ ಇಳಿಯತೊಡಗಿತ್ತು. ಅಲ್ಲೊಂದು ನಿರ್ಧಾರ ಮಾಡಬೇಕಾಯಿತು. ಗಬ್ಬದ ಹಸು, ರಕ್ತವಿಲ್ಲ, ಮೈಯಲ್ಲಿ ತ್ರಾಣವಿಲ್ಲ. ಔಷಧಿ ಬಿದ್ದರೆ ಹುಳು ಸಾಯುತ್ತವೆ, ಆದರೆ ಭೇದಿ ಹತ್ತಿ ಹಸು ಏಳದೆಯೂ ಹೋಗಬಹುದು, ಗರ್ಭ ಜಾರಬಹುದು. ಕೊಡದಿದ್ದರೆ ಕರು ಹಾಕುವವರೆಗೆ ಬದುಕುವುದಿಲ್ಲ. ಫೋನಿನಲ್ಲಿ ಹಿರಿಯರೊಬ್ಬರನ್ನು ಕೇಳಿದೆ. "ನೋಡಿ ಮಾಡಿ" ಅಂದರು. ದೊಡ್ಡವರ ಸಲಹೆಯೇ ಹಾಗೆ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಜಮಾನಿಗೆ ಎರಡೂ ಕಡೆಯದನ್ನು ಬಿಡಿಸಿ ಹೇಳಿದೆ.

"ಇದೂ ಹೋದ್ರ ನಾವು ಇಳದ ಹೋಗೂದ್ರಿ," ಅಂದಳು. "ಅತ್ತಿ ಬರೂದಿಲ್ಲ ಅಂತಾಳ. ಆಕೀನ್ನ ಬಿಟ್ಟು ನಾ ಹೆಂಗ ಹೋಗ್ಲಿ? ನೀವ ಹೇಳ್ರಿ."

ನಾನು ಎದೆಯ ಸುತ್ತಳತೆ ಟೇಪಿನಲ್ಲಿ ಅಳೆದು, ತೂಕ ಅಂದಾಜಿಸಿ, ಪೂರ್ತಿ ಪ್ರಮಾಣವನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದೆ. ಆಮೇಲಿನ ದಿನಗಳಲ್ಲಿ ಫೋನು ರಿಂಗಾದಾಗಲೆಲ್ಲ ಯಜಮಾನಿಯ ನಂಬರೇ ಅಂತ ಮೊದಲು ನೋಡುತ್ತಿದ್ದೆ. ಭೇದಿಯಾಯಿತು. ಒಂದು ದಿನ ಪೂರಾ ಏಳಲಿಲ್ಲ. ಮತ್ತೆ ಎದ್ದು ಗಂಜಿಗೆ ಬಾಯಿ ಹಾಕಿತು. ನಿಧಾನವಾಗಿ ಗದ್ದದ ಚೀಲ ಬತ್ತಿ ಸುಕ್ಕು ಚರ್ಮವಾಯಿತು, ಕಣ್ಣ ರೆಪ್ಪೆಗೆ ಬಣ್ಣ ಬಂತು. ಕೇರಿಯ ಉಳಿದ ದನಗಳಿಗೂ ಕುಡಿಸಿದೆವು. ಎಲ್ಲರೂ ಮೆಚ್ಚಿ ಮಾತಾಡಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಸೋರುವ ಮಾಡು ಹಾಗೇ ಬಿಟ್ಟು ನೆಲ ಒರೆಸಿದಂತಾಗಿತ್ತು. ಎಲ್ಲಿಂದ ಬಂತೋ ಅಲ್ಲಿಂದ ಮತ್ತೆ ಬರುತ್ತದೆ.

ಚಂದ್ರಿ ಕರು ಹಾಕುವ ದಿನ ಹತ್ತಿರ ಬಂದಾಗ, ಬೇಸಗೆಯ ಕಡೆಯಲ್ಲಿ, ನೋಡಲು ಹೋದೆವು. ನಡುಮಧ್ಯಾಹ್ನ. ಕೇರಿಯಲ್ಲಿ ಒಂದು ದನವಿಲ್ಲ, ಒಂದು ನರಪಿಳ್ಳೆಯಿಲ್ಲ. ಬಾಗಿಲುಗಳು ತೆರೆದೇ ಇದ್ದವು. ಒಲೆಗಳಲ್ಲಿ ಬೂದಿ ತಣ್ಣಗಿತ್ತು. ನಾಯಿಗಳೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಯಜಮಾನಿ ಒಬ್ಬಳೇ ಚಂದ್ರಿಯ ಪಕ್ಕ ಕೂತಿದ್ದಳು.

"ಎಲ್ಲಾರೂ ಎಲ್ಲೆ?"

"ಕೆಳಗ ಹೋಗ್ಯಾರ್ರಿ."

"ಕೆಳಗ ಎಲ್ಲೆ?"

"ಮನಿಗೆ," ಅಂದಳು.

ಹಿಂದೆ ನೀರಿಗಿಳಿದು ಮಾಯವಾಗಿದ್ದ ದಾರಿ ಈಗ ಬಯಲಾಗಿತ್ತು. ಜಲಾಶಯ ತುಂಬಾ ಹಿಂದೆ ಸರಿದಿತ್ತು. ಒಣಗಿ ಬಿರಿದ ಕೆಸರು, ಅದರ ನಡುವೆ ಕಪ್ಪಗೆ ನಿಂತ ಸತ್ತ ಮರಗಳ ಬೊಡ್ಡೆಗಳು. ಒಂದು ಹಕ್ಕಿಯ ದನಿಯಿಲ್ಲ. ನಮ್ಮ ಚಪ್ಪಲಿಯ ಸದ್ದು ನಮಗೇ ಜೋರಾಗಿ ಕೇಳುತ್ತಿತ್ತು. ತಿರುವು ದಾಟುತ್ತಲೇ ಕಣ್ಣಿಗೆ ಹೊಡೆಯುವಂಥ ಹಸಿರು ಎದುರಾಯಿತು. ಮುಳುಗಿದ್ದ ಹಳ್ಳ ಮತ್ತೆ ಹರಿದು, ಹಳೆಯ ಗದ್ದೆಗಳಲ್ಲಿ ಹರಡಿ ಜವುಗಾಗಿ, ಎಳೆ ಹುಲ್ಲು ಹಾಸಿತ್ತು. ಹಸಿರಿನ ನಡುವೆ ಸಾಲು ಸಾಲು ಮನೆಗಳ ಪಂಚಾಂಗಗಳು. ಬರೀ ತಳಪಾಯ, ಗೋಡೆಯಿಲ್ಲ, ಮಾಡಿಲ್ಲ. ಒಂದನ್ನು ಬಿಟ್ಟು ಪ್ರತಿ ಮನೆಯ ಅಂಗಳದಲ್ಲಿ ಆ ಮನೆಯ ದನ ಗೂಟಕ್ಕೆ ಕಟ್ಟಿತ್ತು. ಪ್ರತಿ ಪಂಚಾಂಗದ ಮೇಲೆ ಆ ಮನೆಯವರು, ಗಂಡಸರು ಜಗಲಿ ಇದ್ದಲ್ಲಿ, ಹೆಂಗಸರು ಒಲೆ ಇದ್ದಲ್ಲಿ, ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸಹಾಯಕರು ನನ್ನ ತೋಳು ಹಿಡಿದುಕೊಂಡಿದ್ದರು, ಅದು ನನಗೆ ಆಮೇಲೆ ಗೊತ್ತಾಯಿತು.

ಆಯಿ ನಮ್ಮನ್ನು ಕಂಡು ಎದ್ದು ನಿಂತಳು. "ಬರ್ರಿ ಬಾಯಾರ, ಒಳಗ ಬರ್ರಿ."

ಸೀದಾ ಅವಳತ್ತ ಹೆಜ್ಜೆ ಹಾಕಿದೆ.

"ಅಲ್ಲೆ ಗ್ವಾಡಿ ಐತ್ರಿ," ಅಂದಳು. "ಬಾಗಲಾ ಈ ಕಡೆ."

ಅಲ್ಲಿ ಗಾಳಿಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಸುತ್ತು ಹಾಕಿ, ಇಲ್ಲದ ಬಾಗಿಲಿನಿಂದ, ತಲೆ ತಗ್ಗಿಸಿ ಒಳಗೆ ಹೋದೆ. ನಡೆಯುವಾಗ ಕಾಲಡಿ ಚಟಚಟ ಸದ್ದಾಗುತ್ತಿತ್ತು. ಬಗ್ಗಿ ನೋಡಿದೆ. ಜವುಗಿನ ತುಂಬ, ಹುಲ್ಲಿನ ಬುಡದ ತುಂಬ, ಚಳಿಗಾಲವಿಡೀ ನಾನು ಹುಡುಕಿದ್ದ ಬಸವನಹುಳುಗಳು.

"ಆಯಿ, ದನಾ ಎಲ್ಲೆ ಮೇಯ್ತಾವ ಅಂತ ನಿಮ್ಮನ್ನ ಎಷ್ಟು ಸಲ ಕೇಳಿದೆ!" ನನ್ನ ದನಿ ಏರಿತ್ತು.

"ಕೇಳಿದ್ರಿ. ಗುಡ್ಡದಾಗ ಮೇಯ್ತಾವ ಅಂದೆ. ಖರೇನ ಹೇಳೇನಿ," ಅಂದಳು ಆಯಿ. "ಇಲ್ಲೆ ಮೇಯಾಕ ಬರೂದಿಲ್ರಿ ಅವು. ನೀರು ಇಳದಾಗ ಮನಿ ನೋಡಾಕ, ಹಿರೇರನ್ನ ನೋಡಾಕ ಬರ್ತಾವ. ಬಂದಾವ ಅಂದ್ಮ್ಯಾಲ ಹಿರೇರ ಅಂಗಳದಾಗ ನಾಕು ತುತ್ತು ತಿನಬೇಕಲ್ರಿ."

ಅವಳ ಪಕ್ಕದಲ್ಲಿ ಒದ್ದೆ ಗೋಣಿಚೀಲವೊಂದಿತ್ತು. ಬಿಚ್ಚಿ ತೋರಿಸಿದಳು. ತಣ್ಣನೆಯ, ನೀರು ತೊಟ್ಟಿಕ್ಕುವ ಹುಲ್ಲು. ಅದು ಚಂದ್ರಿಗೆ. ಬರಲಾಗದ ದನಕ್ಕೆ ಮನೆಯನ್ನೇ ಹೊತ್ತೊಯ್ಯಬೇಕು ಅಂತ ಅವರ ಪದ್ಧತಿ. ಹಿಂದಿನ ಬೇಸಗೆಯಲ್ಲೂ ಒಯ್ದಿದ್ದಳು. ಆ ಹುಲ್ಲು ಒಣಗಬಾರದು, ಒಣಗಿದರೆ ಅದು ಹಿರಿಯರದ್ದಲ್ಲ. ಅದಕ್ಕೇ ಮೇಲೆ ಮನೆಯಲ್ಲಿ ನೀರಿನ ಕೊಡಗಳ ಸಾಲಿನ ಕೆಳಗೆ ಗೋಣಿಯಲ್ಲಿಟ್ಟು, ನೀರು ಚಿಮುಕಿಸುತ್ತ, ದಿನಕ್ಕೊಂದು ಹಿಡಿ ತಿನ್ನಿಸುವುದು. ಹುಳುವಿನ ಮರಿಗಳಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಯಾರೂ ಕಟ್ಟಿಕೊಡಲಾರರು.

ಕೂಗಾಡಬಹುದಿತ್ತು. ಹಿನ್ನೀರಿನ ನೆಲಕ್ಕೆ ಇಳಿಯುವುದೇ ತಪ್ಪು, ಮೇಲಿನವರಿಗೆ ಬರೆದು ಬೇಲಿ ಹಾಕಿಸುತ್ತೇನೆ ಅನ್ನಬಹುದಿತ್ತು. ಬರುವಾಗ ನಾಲಿಗೆಯ ತುದಿಯಲ್ಲಿ ಆ ಮಾತೇ ಇತ್ತು. ಆದರೆ ಗೋಡೆಯಿಲ್ಲದ ಮನೆಯಲ್ಲಿ ಕೂತು, ಅವಳು ಕೊಟ್ಟ ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡು, ಹಾಗೆ ಹೇಳಲಾಗಲಿಲ್ಲ. ತೋರಿಸಿಯೇ ಬಿಡೋಣ ಎಂದುಕೊಂಡೆ. ಮಾದರಿ ಬಾಟಲಿಯಲ್ಲಿ ಕುಡಿಯುವ ನೀರು ತುಂಬಿ, ಹಿಡಿ ತುಂಬ ಬಸವನಹುಳು ಹಾಕಿ ಬೆಳಕಿಗಿಟ್ಟೆ. ಎಲ್ಲವೂ ಮರಿ ಬಿಡುವುದಿಲ್ಲ, ಅದಕ್ಕೇ ಅಷ್ಟು ಹಾಕಿದ್ದು. ಕಾದೆವು. ಬಿಸಿಲು ಸ್ವಲ್ಪ ಬಾಗಿದಾಗ ನೀರಿನಲ್ಲಿ ಧೂಳಿನಂಥದ್ದೇನೋ ಅಲುಗಿತು. ಬಿಳಿ ಚುಕ್ಕಿಗಳು, ಸಣ್ಣ ಬಾಲ ಬಡಿಯುತ್ತ ಮೇಲೆ ಕೆಳಗೆ ಓಡಾಡಿದವು. ಬರಬರುತ್ತ ಒಂದೊಂದೇ ಬಾಟಲಿಯ ಗೋಡೆಗೆ ಅಂಟಿ, ಬಾಲ ಕಳಚಿ, ನಿಶ್ಚಲವಾದವು. ನೋಡಿದರೆ ಗಾಜಿಗೆ ಸುಣ್ಣದ ಹನಿ ಸಿಡಿದಂತಿತ್ತು, ಅಷ್ಟೇ.

ನನ್ನ ಭೂತಗನ್ನಡಿ ಆಯಿಗೆ ಬೇಕಾಗಲಿಲ್ಲ. ಗೋಣಿಯಿಂದ ಒಂದು ಎಳೆ ಹುಲ್ಲು ತೆಗೆದು ಬೆಳಕಿಗೆ ಹಿಡಿದಳು. ಎಳೆಯ ಬುಡದಲ್ಲಿ ಅಂಥವೇ ಬಿಳಿ ಚುಕ್ಕಿಗಳಿದ್ದವು. ಉಗುರಿನಿಂದ ಕೆರೆದಳು. ಸುಲಭಕ್ಕೆ ಬಿಡಲಿಲ್ಲ.

"ಇವ ಹೊಟ್ಟ್ಯಾಗ ಹೋಗಿ ಎಲಿ ಆಗ್ತಾವೇನ್ರಿ? ಸೊಸಿ ಹೇಳಿದ್ಲು ಎಲಿ ಇದ್ವು ಅಂತ."

"ಹೌದು ಆಯಿ."

"ಹಂಗಾದ್ರ ನೀರು ದನಾ ಕರೀಲಿಲ್ಲ." ಅವಳು ಹುಲ್ಲಿನಿಂದ ಕಣ್ಣೆತ್ತಲಿಲ್ಲ. "ಇಷ್ಟು ವರ್ಷ ಸತ್ತ ದನಾ ಎಲ್ಲಾ ನನ್ನ ಕೈಯಾಗಿಂದ ತಿಂದು ಸತ್ತಾವೇನ್ರಿ ಬಾಯಾರ?"

ರೋಗದ ಮೂಲ ಸಿಕ್ಕಿತೆಂದು ನನ್ನೊಳಗೆ ಉಕ್ಕುತ್ತಿದ್ದ ಸಂತೋಷ ಅಲ್ಲೇ ಇಂಗಿತು. ಊರು ಕರೆದುಕೊಂಡಿತು ಅನ್ನುವುದರಲ್ಲಿ ಭಯವಿತ್ತು, ಆದರೆ ಒಂದು ನೆಮ್ಮದಿಯೂ ಇತ್ತು. ಅದನ್ನು ನಾನು ಒಂದು ಬಾಟಲಿ ನೀರಿನಲ್ಲಿ ಕಿತ್ತುಕೊಂಡಿದ್ದೆ.

"ಎಲ್ಲಾ ನೀವು ತಿನ್ನಿಸಿದ್ದಲ್ಲ ಆಯಿ. ಎಷ್ಟೋ ದನಾ ಇಲ್ಲೆ ತಾವ ಮೇದಾವ."

"ಅವನ್ನೂ ನಾನ ಹೊಡಕೊಂಡು ಬಂದಿದ್ದೆ," ಅಂದಳು.

ನನಗೆ ಗೊತ್ತಿದ್ದ ಒಂದೇ ಮಾತು ಹೇಳಿದೆ. ಬಿಸಿಲಿಗೆ ಗರಿಗರಿಯಾಗಿ ಒಣಗಿದರೆ ಆ ಚುಕ್ಕಿಗಳು ಸಾಯುತ್ತವೆ. ಒದ್ದೆ ಇರುವವರೆಗೆ ಮಾತ್ರ ಅವಕ್ಕೆ ಜೀವ.

"ಒಣಗಿದ್ರ ಅದು ಬರೇ ಹುಲ್ಲಲ್ರಿ."

"ಹೌದು. ಬರೇ ಹುಲ್ಲು."

ಅವಳು ಗೋಣಿಯನ್ನು ಎದೆಗೆ ಅವುಚಿಕೊಂಡು ಕೂತೇ ಇದ್ದಳು. ಆಮೇಲೆ ಎದ್ದಳು. ಬಾಗಿಲಿನಿಂದಲೇ ಹೊರಗೆ ಹೋದಳು. ಮನೆಯ ಮುಂದಿನ ಕರಿ ಬಂಡೆ ಕಾದ ಹಂಚಾಗಿತ್ತು. ಅದರ ಮೇಲೆ ಗೋಣಿ ಬೋರಲು ಹಾಕಿ, ಹುಲ್ಲನ್ನು ತೆಳ್ಳಗೆ ಹರವಿದಳು. ಹರವುವಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು. ಸುತ್ತಲ ಪಂಚಾಂಗಗಳ ಮೇಲಿಂದ ಎಲ್ಲರೂ ನೋಡುತ್ತಿದ್ದರು. ಮುಗಿಸಿ ನಿಂತು, ಅವರಿಗೆಲ್ಲ ಕೇಳುವಂತೆ ಹೇಳಿದಳು: "ದನಾ ಮನಿ ನೋಡ್ಲಿ. ಊಟ ಮ್ಯಾಲ ಮಾಡ್ಲಿ. ಮುಂದಿನ ಸಲ ಎಲ್ಲಾರೂ ಮ್ಯಾಲಿಂದ ಒಣಾ ಮೇವು ಕಟಗೊಂಡು ಬರ್ರಿ."

ಒಬ್ಬರು ಗೊಣಗಿದರು. ಮತ್ತೊಬ್ಬರು ಎದ್ದು ದನದ ಹಗ್ಗ ಗಿಡ್ಡ ಮಾಡಿ ಕಟ್ಟಿದರು. ಮೊದಲೇ ಮೇದಿದ್ದ ದನಗಳಿಗೆ ಮಳೆಗಾಲದ ನಂತರ ಔಷಧಿ ಕುಡಿಸಬೇಕೆಂದು ಸಹಾಯಕರು ಮನೆಮನೆಗೂ ಹೇಳಿ ಬಂದರು. ಪ್ರತಿ ಮನೆಗೂ ಬಾಗಿಲಿನಿಂದಲೇ ಹೋಗಿ ಬಾಗಿಲಿನಿಂದಲೇ ಬಂದರು. ವರದಿಯಲ್ಲಿ ನಾನು ರೋಗದ ಮೂಲ, ಜಲಾಶಯ ಇಳಿದಾಗ ಬೆಳೆಯುವ ಹುಲ್ಲು ಎಂದು ಬರೆದೆ. ಮನೆಗಳ ಬಗ್ಗೆ ಬರೆಯಲಿಲ್ಲ.

ಆ ಹುಲ್ಲು ಎಷ್ಟೋ ಬಿಸಿಲು ಕಂಡು ಚೆನ್ನಾಗಿ ಒಣಗುವ ಹೊತ್ತಿಗೆ ಚಂದ್ರಿ ಈದಿತ್ತು. ನಾವು ಹೋದಾಗ ಹೆಣ್ಣುಕರು ಆಗಲೇ ಎದ್ದು, ನಡುಗುವ ಕಾಲಲ್ಲಿ ಕೆಚ್ಚಲು ಹುಡುಕುತ್ತಿತ್ತು. ಯಜಮಾನಿ ನಗುತ್ತಲೇ ಅಳುತ್ತಿದ್ದಳು. ಗಂಡನಿಗೆ ಫೋನು ಮಾಡಿ, "ನಾವು ಇಳಿಯೂದಿಲ್ಲ, ನೀವ ಹತ್ತಿ ಬರ್ರಿ," ಅಂದಳಂತೆ. ಹೊರಗೆ ಮೊದಲ ಮಳೆಯ ಮೋಡ ಕವಿದಿತ್ತು. ಇನ್ನೇನು ಕೆಳಗೆ ನೀರು ಏರತೊಡಗುತ್ತದೆ, ಅಂಗಳ, ಒಲೆ, ಬಾಗಿಲು ಒಂದೊಂದಾಗಿ ಮುಳುಗುತ್ತವೆ.

ಆಯಿ ಬಂಡೆಯ ಮೇಲೆ ಒಣಗಿಸಿದ ಆ ಹುಲ್ಲಿನ ಸಣ್ಣ ಕಟ್ಟು ತಂದು ಚಂದ್ರಿಯ ಮುಂದೆ ಹಿಡಿದಳು. ಚಂದ್ರಿ ಮೂಸಿ ನೋಡಿತು. ಇನ್ನೊಮ್ಮೆ ಮೂಸಿತು. ಆಮೇಲೆ ಮುಖ ತಿರುಗಿಸಿ ಕರುವನ್ನು ನೆಕ್ಕತೊಡಗಿತು.

ಆಯಿ ಎರಡನೆಯ ಸಲ ಹಿಡಿಯಲಿಲ್ಲ. ಕಟ್ಟಿನಿಂದ ಒಂದು ಎಳೆ ಎಳೆದು ತನ್ನ ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಒಸಡಿನಲ್ಲಿ ನಿಧಾನವಾಗಿ ಅಗಿಯತೊಡಗಿದಳು.

ಆ ಹುಳು ಮನುಷ್ಯರಿಗೂ ಹತ್ತುತ್ತದೆ, ಬ್ಯಾಡ ಆಯಿ ಅನ್ನಲು ನಾನು ಬಾಯಿ ತೆರೆದೆ. ಅವಳ ಕೈಯಲ್ಲಿದ್ದ ಕಟ್ಟನ್ನು ಮುಟ್ಟಿ ನೋಡಿದೆ. ಹುಲ್ಲು ಪೂರ್ತಿ ಒಣಗಿತ್ತು. ಅಗಿಯಲು ಬಿಟ್ಟೆ.